ಎಳೆ ಹರಿದಾಗಿನ ಸನ್ನೆ

ಹೋದ ಶನಿವಾರ ಸಾನ್ವಿಯ ಶಾಲೆಯಲ್ಲಿ ಪಾಲಕರ ಸಭೆ ಇತ್ತು. ಸಣ್ಣ ಮಕ್ಕಳನ್ನು ಹೇಗೆ ಬೆಳೆಸಿದಿರಿ, ಮನೆಯಲ್ಲಿ ಏನು ಕಲಿಸಿದಿರಿ, ಎದ್ದು ನಿಮ್ಮ ಅನುಭವ ಹೇಳಿರಿ ಅಂತ ಒಬ್ಬೊಬ್ಬರ ಕೈಗೆ ಮೈಕು ಕೊಡುತ್ತಿದ್ದರು. ಒಬ್ಬಾಕೆ ಎದ್ದು, ಮಗ ಹೊಟ್ಟೆಯಲ್ಲಿದ್ದಾಗಿನಿಂದಲೇ ಅವನಿಗೆ ಇಂಗ್ಲಿಷ್ ಹಾಡು ಕೇಳಿಸುತ್ತಿದ್ದೆ ಅಂದಳು. ಒಬ್ಬ ತಂದೆ, ನಾವು ಮಗಳ ಕೈಗೆ ಮೊಬೈಲ್ ಕೊಡುವುದೇ ಇಲ್ಲ ಅಂದ; ಅವನ ಮಗಳು ಹಿಂದಿನ ಬೆಂಚಿನಲ್ಲಿ ಅವನದೇ ಮೊಬೈಲ್ ಹಿಡಿದು ಕೂತಿದ್ದಳು. ಆಮೇಲೆ ನನ್ನ ತಂಗಿ ರೇಣುಕಾ ಎದ್ದಳು.

"ನನ್ನ ಮಗಳಿಗೆ ಕಿವಿ ಪೂರ್ತಿ ಕೇಳಸೂದಿಲ್ಲರಿ, ಮಶೀನ್ ಹಾಕ್ಕೋತಾಳ. ಇವತ್ತ ಆಕಿ ಮೂರನೇತ್ತದಾಗ ಎಲ್ಲಾರ ಸರಿಸಮ ಓದಾಕತ್ತಾಳಂದ್ರ ಅದಕ್ಕ ನಾ ಕಾರಣ ಅಲ್ಲರಿ. ಇಲ್ಲಿ ಕುಂತಾಳಲ್ಲ, ನಮ್ಮಕ್ಕ, ಆಕಿ ಕಾರಣ. ಕಲತದ್ದು ಆರನೇತ್ತ. ನಾ ಡ್ಯೂಟಿಗೆ ಹೋದ್ರ ಹುಡುಗೀನ ಕಣ್ಣಾಗ ಕಣ್ಣಿಟ್ಟ ಜ್ವಾಕಿ ಮಾಡ್ಯಾಳ. ನಮ್ಮಕ್ಕಗ ಒಮ್ಮೆ ಚಪ್ಪಾಳಿ ಹೊಡೀರಿ."

ಹೊಡೆದರು. ತಗಡಿನ ಮಾಡಿನ ಸಭಾಂಗಣ ಅದು. ನೂರು ಜನರ ಚಪ್ಪಾಳೆ ಆ ತಗಡಿಗೆ ಬಡಿದು, ನಮ್ಮೂರು ಗರಗದ ನೇಯ್ಗೆ ಶೆಡ್ಡಿನಲ್ಲಿ ಇಪ್ಪತ್ತು ಮಗ್ಗ ಒಟ್ಟಿಗೆ ನಡೆದಾಗಿನ ಸದ್ದೇ ಕೇಳಿಸಿತು. ನನಗೆ ಎಂಥ ಸಿಟ್ಟು ಬಂತು ಅಂದರೆ, ಮೈಕು ಕಸಿದುಕೊಂಡು ಎಲ್ಲರನ್ನೂ ಬೈಯಬೇಕು ಅನ್ನಿಸಿತು. ಮೈಕು ನನ್ನ ಕೈಗೆ ಬಂದೂ ಬಂತು. ನಾನು ಅದನ್ನು ಪಕ್ಕದವಳಿಗೆ ದಾಟಿಸಿದೆ. ಎಷ್ಟು ಸಂಕೋಚದ ಹೆಂಗಸು ಅಂದುಕೊಂಡು ಆಕೆ ನನ್ನ ಬೆನ್ನು ಸವರಿದಳು. ಅಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೂ ಮಕ್ಕಳನ್ನು ಬೆಳೆಸಿದ ಅನುಭವವೇ. ಇದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದು ಬೇಡ.

ನಾನು ಖಾದಿ ನೇಯುವವಳು. ಅವ್ವ ಸತ್ತಾಗ ನಾನು ಆರನೇ ತರಗತಿಯಲ್ಲಿದ್ದೆ, ರೇಣುಕಾಗೆ ಮೂರು ವರ್ಷ. ಶಾಲೆ ಬಿಟ್ಟು ತಂಗಿಯನ್ನು ಎತ್ತಿಕೊಂಡೆ. ಶೆಡ್ಡಿಗೆ ಕರೆದುಕೊಂಡು ಹೋಗಿ ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡೇ ಬೆಳೆಸಿದೆ, ಬಿ.ಕಾಂ. ತನಕ ಓದಿಸಿದೆ. ನನ್ನ ಮದುವೆ ಎರಡು ವರ್ಷ ನಡೆಯಿತು, ಅದರಲ್ಲಿ ಹೇಳುವಂಥದ್ದೇನಿಲ್ಲ. ರೇಣುಕಾ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ಗೋಕುಲ ರಸ್ತೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಅವಳ ಕೆಲಸ, ಅಲ್ಲೇ ಗಂಡ ಪ್ರಕಾಶ ಸೂಪರ್‌ವೈಸರ್. ಮಗಳು ಹುಟ್ಟಿ ಹತ್ತು ತಿಂಗಳಿಗೆ ರಜೆ ಮುಗಿದು, ಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಅವತ್ತಿನಿಂದ ಮೂರೂವರೆ ವರ್ಷದ ತನಕ ಸಾನ್ವಿ ನನ್ನ ಮಗ್ಗದ ಪಕ್ಕದಲ್ಲೇ ಬೆಳೆದಳು. ನನ್ನನ್ನು ದೊಡ್ಡವ್ವ ಅನ್ನುತ್ತಾಳೆ.

ಶೆಡ್ಡಿನಲ್ಲಿ ಬಾಯಿಯಿಂದ ಮಾತಾಡಿದರೆ ಪಕ್ಕದವಳಿಗೂ ಕೇಳುವುದಿಲ್ಲ. ಹಾಗಾಗಿ ನಾವೆಲ್ಲ ಕೈಯಿಂದ ಮಾತಾಡುತ್ತೇವೆ, ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಹೆಬ್ಬೆರಳು ತುಟಿಗೆ ತಾಗಿಸಿದರೆ ನೀರು. ಗದ್ದ ಒಮ್ಮೆ ಮೇಲೆತ್ತಿದರೆ ಹಿಂದೆ ತಿರುಗಿ ನೋಡು. ಮೀಸೆ ತಿರುವಿದರೆ ಮೇಸ್ತ್ರಿ ಬಂದ. ನಮ್ಮ ಮೇಸ್ತ್ರಿಗೆ ಮೀಸೆಯೇ ಇರಲಿಲ್ಲ, ಅದು ಬೇರೆ ಮಾತು. ಎರಡು ಮುಷ್ಟಿ ಒಂದಕ್ಕೊಂದು ಹಚ್ಚಿ ಫಟ್ಟನೆ ಎರಡು ಕಡೆ ಎಳೆದರೆ, ಎಳೆ ಹರಿಯಿತು, ಮಗ್ಗ ನಿಲ್ಲಿಸು ಅಂತ. ಆ ಸನ್ನೆ ಕಂಡರೆ ಯಾವ ನೇಕಾರತಿಯೂ ಮುಂದೆ ನೇಯುವುದಿಲ್ಲ. ನೇಯ್ದರೆ ಬಟ್ಟೆ ಕೆಡುತ್ತದೆ.

ಸಾನ್ವಿ ಮಾತಿಗಿಂತ ಮೊದಲು ಈ ಸನ್ನೆಗಳನ್ನು ಕಲಿತಳು. ಎರಡು ವರ್ಷದ ಕೂಸು ನನ್ನ ಮಗ್ಗದಲ್ಲಿ ಹರಿದ ಎಳೆ ನೋಡಿ ಪುಟ್ಟ ಮುಷ್ಟಿ ಎಳೆದು ತೋರಿಸುತ್ತಿತ್ತು. ಪಕ್ಕದ ಮಗ್ಗದ ಗೌರವ್ವ, "ಏನ ಚೂಟಿ ಐತಿಲೇ ನಿನ್ನ ಕೂಸು! ನಾವು ಬಾಯಿ ತಗಿಯೂದ್ರಾಗ ತಿಳಕೋತೈತಿ" ಅನ್ನುತ್ತಿದ್ದಳು. ನಾನು ಉಬ್ಬುತ್ತಿದ್ದೆ. ತನ್ನ ಹೆಸರನ್ನು ಆನ್ವಿ ಅನ್ನುತ್ತಿದ್ದಳು. ಸಣ್ಣ ಮಕ್ಕಳ ಮಾತು ಅಂತ ನಕ್ಕೆವು. ಲಾರಿ ಹಾರ್ನಿಗೆ ತಿರುಗುತ್ತಿದ್ದಳು, ಡೊಳ್ಳಿಗೆ ಕುಣಿಯುತ್ತಿದ್ದಳು. ಕಿವಿ ಕೇಳದ ಮಗು ಡೊಳ್ಳಿಗೆ ಕುಣಿಯುತ್ತದೆ ಅಂತ ಯಾರಿಗೆ ಗೊತ್ತು? ದಪ್ಪ ಸದ್ದು ಕೇಳಿ, ಸಣ್ಣಗಿನ ಚೂಪು ಸದ್ದು ಕೇಳದೇ ಇರುವ ಕಿವಿಯೂ ಇರುತ್ತದೆ ಅಂತ ನಮಗೆ ಹೇಳುವವರು ಇರಲಿಲ್ಲ. ಬೇರೆ ಯಾವ ಮನೆಯಲ್ಲಿ ಬೆಳೆದಿದ್ದರೂ ಎರಡು ವರ್ಷಕ್ಕೇ ಗೊತ್ತಾಗುತ್ತಿತ್ತು. ಎಲ್ಲರೂ ಸನ್ನೆಯಲ್ಲೇ ಮಾತಾಡುವ ಜಾಗದಲ್ಲಿ ಕೇಳದ ಮಗುವೇ ಎಲ್ಲರಿಗಿಂತ ಜಾಣೆಯಾಗಿ ಕಂಡಿತು.

ನಾಲ್ಕು ವರ್ಷದ ಹಿಂದೆ, ಬೇಸಿಗೆಯಲ್ಲಿ, ಅವಳನ್ನು ಎಲ್‌ಕೆಜಿಗೆ ಹಾಕಬೇಕು ಅಂತ ಹುಬ್ಬಳ್ಳಿಗೆ ಕರೆಸಿದರು. ನೋಡಿಕೊಳ್ಳಲು ನಾನೂ ಮಗ್ಗ ಬಿಟ್ಟು ಬಂದೆ. ಈಗಿನ ಶಾಲೆಯಲ್ಲ, ಅದು ಬೇರೆ ಶಾಲೆ. ಮೂರೂವರೆ ವರ್ಷದ ಮಗುವಿಗೂ ಅಲ್ಲಿ ಇಂಟರ್‌ವ್ಯೂ. ಮೇಡಮ್ಮು ಕುರ್ಚಿಯಲ್ಲಿ, ಸಾನ್ವಿ ಎದುರಿಗೆ, ನಾನು ಮೇಡಮ್ಮಿನ ಬೆನ್ನ ಹಿಂದೆ. ಅವರು ಬಣ್ಣ ಕೇಳಿದರು, ಹಣ್ಣು ಕೇಳಿದರು. ಒಂದೊಂದಕ್ಕೂ ನಾನು ಹಿಂದಿನಿಂದ ಸದ್ದಿಲ್ಲದೆ ತುಟಿ ಆಡಿಸಿದೆ, ಬೆರಳು ತೋರಿಸಿದೆ. ಸಾನ್ವಿ ಪಟಪಟ ಹೇಳಿದಳು. ಮೇಡಮ್ಮು ಭಾಳ ಸ್ಮಾರ್ಟ್ ಹುಡುಗಿ ಅಂದರು. ಹೊರಗೆ ಕಾಯುತ್ತಿದ್ದ ಪ್ರಕಾಶ ಅದನ್ನು ಕೇಳಿ, "ಅಕ್ಕಾರ, ಶೆಡ್ಡಿನಾಗ ಕುಂಡ್ರಿಸಿ ಹುಡುಗೀನ್ನ ಹಾಳ ಮಾಡ್ತೀರಿ ಅಂದಿದ್ದೆ. ಮಾತು ಹಿಂದ ತಗೊಂಡೆ ನೋಡ್ರಿ" ಅಂದ. ಅವತ್ತಿನದನ್ನು ನಾನು ದೊಡ್ಡ ತಪ್ಪು ಅನ್ನುವುದಿಲ್ಲ. ಅವತ್ತು ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಮಾಡಿದ್ದನ್ನು ಈಗ ಹೇಳುತ್ತೇನೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಆ ವರ್ಷ ಗೋಕುಲ ರಸ್ತೆಯ ನಮ್ಮ ಓಣಿಯಲ್ಲಿ ಕೆಸರು ಪಾದ ಮುಳುಗುವಷ್ಟು ಇತ್ತು. ಕಾರ್ಖಾನೆಯ ಗಾಡಿಗಳು ಅದನ್ನೇ ನಮ್ಮ ಮೇಲೆ ಹಾರಿಸಿಕೊಂಡು ಹೋಗುತ್ತಿದ್ದವು. ಸಾನ್ವಿಯನ್ನು ಕಂಕುಳಲ್ಲಿ ಎತ್ತಿಕೊಂಡು, ಚೀಲ ಕೊರಳಿಗೆ ಹಾಕಿಕೊಂಡು, ಛತ್ರಿ ಹಿಡಿದು ಹೋಗುತ್ತಿದ್ದೆ. ಎರಡನೇ ವಾರಕ್ಕೇ ಮಿಸ್ಸು ಅವಳನ್ನು ಹಿಂದಿನ ಸಾಲಿಗೆ ಹಾಕಿದಳು. ಲಕ್ಷ್ಯ ಇಲ್ಲ, ಕರೆದರೆ ಓ ಅನ್ನುವುದಿಲ್ಲ, ಸೊಕ್ಕು ಅಂತ ದೂರು. ಇಪ್ಪತ್ತೆರಡು ವರ್ಷದ ಹುಡುಗಿ ಆ ಮಿಸ್ಸು. ಬೋರ್ಡಿನ ಕಡೆ ಮುಖ ಮಾಡಿ, ಮಕ್ಕಳಿಗೆ ಬೆನ್ನು ಕೊಟ್ಟು ಪಾಠ ಹೇಳುತ್ತಿದ್ದಳು. ಹಿಂದಿನ ಸಾಲಿನಲ್ಲಿ ಕೂತ ಸಾನ್ವಿಗೆ ಕಂಡದ್ದು ಒಂದು ಜಡೆ ಅಷ್ಟೇ.

ಜುಲೈನಲ್ಲಿ ಒಂದು ಮಧ್ಯಾಹ್ನ ಮಿಸ್ಸು ಗೇಟಿಗೇ ಬಂದಳು.

"ನೋಡ್ರಿ, ನಿಮ್ಮ ಹುಡುಗಿ ನನ್ನ ಅಣಕಸ್ತಾಳ. ನಾ ಪಾಠ ಹೇಳಾಕತ್ರ ಹಿಂಗ ಮುಷ್ಟಿ ಮಾಡಿ ತೋರಸ್ತಾಳ." ಮಿಸ್ಸು ತನ್ನೆರಡು ಮುಷ್ಟಿ ಹಚ್ಚಿ ಫಟ್ಟನೆ ಎಳೆದು ತೋರಿಸಿದಳು. "ಈಗ ನೋಡಿದ್ರ ಕ್ಲಾಸಿನಾಗಿನ ಎಲ್ಲಾ ಹುಡುಗರೂ ಅದನ್ನ ಮಾಡಾಕತ್ತಾವು. ನನಗ ಕ್ಲಾಸ್ ತಗೋಳಾಕ ಆಗವಲ್ದು. ಏನರಿ ಇದು? ಬೈಗುಳೇನು?"

ನಾನು ಛತ್ರಿ ಹಿಡಿದು ನಿಂತಿದ್ದೆ. ಆ ಕ್ಷಣದಲ್ಲೇ ನನಗೆ ಎಲ್ಲವೂ ತಿಳಿಯಿತು. ಆ ಮಿಸ್ಸಿಗೆ ತಿಳಿಯದಿದ್ದರೆ ತಪ್ಪಿಲ್ಲ. ಅವಳು ಮಗ್ಗ ಕಂಡವಳಲ್ಲ. ನನಗೆ ತಿಳಿಯಿತು. ಎಳೆ ಹರಿಯಿತು, ನಿಲ್ಲಿಸು. ನೀವು ಹೇಳುತ್ತಿರುವುದು ನನ್ನ ತನಕ ಬರುತ್ತಿಲ್ಲ, ನಿಲ್ಲಿಸಿರಿ. ಒಂದು ತಿಂಗಳಿನಿಂದ ಆ ಮಗು ಹಿಂದಿನ ಸಾಲಿನಲ್ಲಿ ಕೂತು, ನಾವು ಕಲಿಸಿದ ಮಾತಿನಲ್ಲೇ, ಇದನ್ನು ಹೇಳುತ್ತಿತ್ತು.

"ತುಂಟಿ ಐತ್ರಿ. ಇನ್ನಮ್ಯಾಲೆ ಮಾಡೂದಿಲ್ಲ, ನಾ ಹೇಳ್ತೇನಿ" ಅಂದೆ. ಮನೆಗೆ ಬಂದು ಅವಳೆರಡೂ ಕೈ ಹಿಡಿದು ಮುಂಗೈ ಮೇಲೆ ಹೊಡೆದೆ. ಮೆಲ್ಲಗಲ್ಲ. "ಮಾಡ್ತಿಯೇನ ಇನ್ನೊಮ್ಮೆ? ಮಾಡ್ತಿಯೇನ?" ಅವಳು ಅಳುವುದನ್ನು ಮರೆತು ನನ್ನ ತುಟಿಯನ್ನೇ ನೋಡುತ್ತಿದ್ದಳು, ನಾನು ಏನು ಹೇಳುತ್ತಿದ್ದೇನೆ ಅಂತ ತಿಳಿಯಲು. ಆಮೇಲೆ ತಲೆ ಅಲ್ಲಾಡಿಸಿದಳು. ಆ ಸನ್ನೆಯನ್ನು ಶಾಲೆಯಲ್ಲಿ ಮತ್ತೆ ಮಾಡಲಿಲ್ಲ.

ಮರುದಿನ ಅವಳು ಗೋಡೆಯ ಕಡೆ ಮುಖ ಮಾಡಿ ಆಡುತ್ತಿದ್ದಾಗ ಹಿಂದೆ ನಿಂತು ಮೆಲ್ಲಗೆ ಕರೆದೆ. ಚಾಕ್ಲೇಟ್ ಕೊಡತೇನಿ ಬಾ ಅಂದೆ. ಮೂರು ಸಲ ಅಂದೆ. ತಿರುಗಲಿಲ್ಲ. ನಾನು ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಕೂತೆ. ನನ್ನ ತಲೆಯಲ್ಲಿ ಬಂದದ್ದು ಒಂದೇ: ಮಗ್ಗದ ಸದ್ದು ಇವಳ ಕಿವಿ ತಿಂದಿದೆ. ಹತ್ತು ತಿಂಗಳ ಕೂಸನ್ನು ಆ ಸದ್ದಿನಲ್ಲಿ ಮಲಗಿಸಿದವಳು ನಾನು. ಇದು ಗೊತ್ತಾದರೆ ನನ್ನಿಂದ ಈ ಮಗುವನ್ನು ಕಿತ್ತುಕೊಳ್ಳುತ್ತಾರೆ.

ಎಲ್ಲರೂ ಕೇಳುತ್ತಾರಲ್ಲ, ಮಕ್ಕಳ ಮೇಲೆ ನಿಮಗೆಷ್ಟು ಪ್ರೀತಿ ಅಂತ. ನನ್ನ ಪ್ರೀತಿ ಇಷ್ಟು ಇತ್ತು. ಮಗುವಿನ ಕಿವಿ ಹೋದರೂ ಸರಿ, ಮಗು ನನ್ನ ಹತ್ತಿರ ಇರಲಿ ಅನ್ನುವಷ್ಟು.

ಸಪ್ಟೆಂಬರ್‌ನಲ್ಲಿ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಇಟ್ಟರು. ಅವತ್ತು ಬೆಳಿಗ್ಗೆಯೇ ಪ್ರಕಾಶನ ಬಾಯಿ ನಡೆದಿತ್ತು. "ಮೊದಲನೇ ಟೆಸ್ಟಿನಾಗ ಎಲ್ಲಾದ್ರಾಗೂ ಸೊನ್ನಿ. ಮಗ್ಗದ ಮನ್ಯಾಗ ಬೆಳಸಿದ್ರ ಇನ್ನೇನ ಆಗತೈತಿ?" ರೇಣುಕಾ, "ಸುಮ್ಮನಿರ್ರಿ, ಅಕ್ಕ ಅದಾಳ" ಅಂದಳು. "ಇದ್ರ ಇರಲಿ. ಅವರಿಗೆ ಕೇಳಲಿ ಅಂತನ ಹೇಳಾಕತ್ತೇನಿ" ಅಂದ. ನಾನು ಸಾನ್ವಿಯ ಬೂಟಿನ ಪಟ್ಟಿ ಹಾಕುತ್ತಾ ಹಲ್ಲು ಕಚ್ಚಿಕೊಂಡೆ.

ಶಾಲೆಯಲ್ಲಿ ಹಲ್ಲು ನೋಡಿದರು, ಕಣ್ಣು ನೋಡಿದರು. ಕಿವಿಗೆ ಒಬ್ಬ ತರುಣ ಮಕ್ಕಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ನಿಂತು ಸಣ್ಣ ಗಂಟೆ ಅಲ್ಲಾಡಿಸುತ್ತಿದ್ದ. ತಿರುಗಿದರೆ ಸರಿ ಅಂತ ಕಾಗದದಲ್ಲಿ ಬರೆಯುತ್ತಿದ್ದ. ಪಾಲಕರೆಲ್ಲ ಎದುರಿಗೆ ನಿಂತಿದ್ದೆವು. ಸಾನ್ವಿಯ ಸರದಿ ಬಂತು. ಅವನು ಗಂಟೆ ಅಲ್ಲಾಡಿಸಿದ. ನನ್ನ ತನಕ ಕೇಳಿತು. ಅವಳು ನನ್ನನ್ನು ನೋಡಿ ನಗುತ್ತಾ ಕೂತಿದ್ದಳು, ತಿರುಗಲಿಲ್ಲ. ಅವನು ಹಿಂದಿನ ಮಗುವಿನ ಕಾಗದದಲ್ಲಿ ಏನೋ ಬರೆಯುತ್ತಿದ್ದ, ನೋಡಲಿಲ್ಲ. ಎರಡನೇ ಸಲ ಗಂಟೆಗೆ ಕೈ ಹಾಕಿದ.

ನಾನು ಗದ್ದ ಮೇಲೆತ್ತಿದೆ. ಹಿಂದೆ ನೋಡು.

ಸಾನ್ವಿ ಕೂಡಲೇ ತಿರುಗಿದಳು. "ಗುಡ್" ಅಂದ ಅವನು. ಕಾಗದದಲ್ಲಿ ಗೀಟು ಎಳೆದ. ಆ ಕಾಗದವನ್ನು ನಾನೇ ಮಡಚಿ ತಂದು ಪ್ರಕಾಶನ ಕೈಗೆ ಕೊಟ್ಟೆ. "ನೋಡ್ರಿ, ಎಲ್ಲಾ ಸರಿ ಐತಂತ" ಅಂದೆ. ಅಂದಾಗ ನನಗೆ ಖುಷಿಯೇ ಆಗಿತ್ತು. ಇವತ್ತಿಗೂ ನನ್ನ ಮೈ ಉರಿಯುವುದು ಆ ಖುಷಿಗೆ.

ದೀಪಾವಳಿಗೆ ಇನ್ನೂ ನಾಲ್ಕು ದಿನ ಇತ್ತು. ಸಂಜೆ ಏಳಕ್ಕೆ ಗುಡುಗಿ ಮಳೆ ಬಂದು ಕರೆಂಟು ಹೋಯಿತು. ರೇಣುಕಾ ಅಡುಗೆಮನೆಯಲ್ಲಿದ್ದಳು. ಕತ್ತಲಲ್ಲೇ ಕರೆದಳು, "ಸಾನ್ವಿ, ಅಲ್ಲೇ ನಿಂದ್ರು, ಎಡವಿ ಬಿದ್ದೀ." ಉತ್ತರ ಇಲ್ಲ. "ಸಾನ್ವಿ, ಎಲ್ಲಿದ್ದೀ? ಓ ಅನ್ನು." ಸಾನ್ವಿ ನಡುಮನೆಯಲ್ಲಿ ನನ್ನ ಪಕ್ಕದಲ್ಲೇ ಇದ್ದಳು, ಅಳಲು ಶುರು ಮಾಡಿದಳು. ರೇಣುಕಾ ಮೇಣದಬತ್ತಿ ಹಚ್ಚಿಕೊಂಡು ಬಂದಳು. ತಾಯಿಯ ಮುಖ ಕಂಡೊಡನೆ ಸಾನ್ವಿಯ ಅಳು ನಿಂತಿತು. ರೇಣುಕಾ ಅವಳನ್ನೇ ನೋಡುತ್ತಾ ನಿಂತಳು. ಆಮೇಲೆ ಬತ್ತಿ ಆರಿಸಿದಳು. "ಸಾನ್ವಿ, ನಿನ್ನ ಸಾಲಿ ಹೆಸರೇನು?" ಸುಮ್ಮನೆ. ಬತ್ತಿ ಹಚ್ಚಿ ಅದನ್ನೇ ಕೇಳಿದಳು. ಸಾನ್ವಿ ಹೇಳಿದಳು. ಮತ್ತೆ ಆರಿಸಿದಳು. ಹೀಗೆ ಐದು ಸಲ.

"ಅಕ್ಕಾ" ಅಂದಳು, "ಈಕಿ ನಮ್ಮ ಬಾಯಿ ನೋಡ್ತಾಳ. ಕೇಳಸೂದಿಲ್ಲ ಈಕಿಗೆ. ನಿನಗ ಗೊತ್ತಿತ್ತೇನ?"

"ಇಲ್ಲವಾ" ಅಂದೆ. "ನನಗೇನ ಗೊತ್ತು."

ಅವಳು ನಂಬಿದಳು. ನನ್ನ ಮಾತನ್ನು ನಂಬದೇ ಇರುವುದು ಅವಳಿಗೆ ಗೊತ್ತಿಲ್ಲ. ಮೂರನೇ ವರ್ಷದಿಂದ ನಂಬಿಕೊಂಡು ಬಂದವಳು.

ಆಸ್ಪತ್ರೆಯಲ್ಲಿ ದೊಡ್ಡ ಪರೀಕ್ಷೆ ಮಾಡಿದರು. ಡಾಕ್ಟರು ಹೇಳಿದರು, "ಹುಟ್ಟಿದಾಗಿಂದನ ಇದ್ದಂಗ ಕಾಣತೈತಿ. ಮಗ್ಗದ ಸದ್ದಿನಿಂದ ಆಗಿದ್ದಲ್ಲ. ಮಶೀನ್ ಹಾಕೋಣ, ಮಾತು ಕಲಸೋಣ. ಸ್ವಲ್ಪ ಮೊದಲ ತಂದಿದ್ರ ಚಲೋ ಇತ್ತು ನೋಡ್ರಿ. ಈ ವಯಸ್ಸಿನಾಗ ಒಂದೊಂದ ತಿಂಗಳೂ ಲೆಕ್ಕಕ್ಕ ಬರತೈತಿ." ಮಗ್ಗದಿಂದ ಆದದ್ದಲ್ಲ. ಯಾವ ಹೆದರಿಕೆಗೆ ನಾನು ಬಾಯಿ ಮುಚ್ಚಿದೆನೋ ಆ ಹೆದರಿಕೆಯೇ ಸುಳ್ಳಾಗಿತ್ತು. ಹೊರಗೆ ಬೆಂಚಿನ ಮೇಲೆ ರೇಣುಕಾ, "ನಾ ಎಂಥಾ ತಾಯಿ ಅಕ್ಕಾ, ವಾರಕ್ಕೊಮ್ಮೆ ಬಂದು ಮುದ್ದಾಡಿ ಹೋಗಾಕಿ" ಅಂತ ಅತ್ತಳು. ನಾನು ಅವಳ ತಲೆ ಸವರಿ, "ನಿನ್ನ ತಪ್ಪೇನಿಲ್ಲ ಬಿಡ" ಅಂದೆ. ದೊಡ್ಡ ಮನಸ್ಸಿನವಳ ಹಾಗೆ.

ಮಶೀನು ಹಾಕಿದ ದಿನ ಕುಕ್ಕರಿನ ಸೀಟಿಗೆ ಸಾನ್ವಿ ಹೆದರಿ ನನ್ನ ಸೀರೆಯೊಳಗೆ ಮುಖ ಹುದುಗಿಸಿದಳು. ಆ ಸೀಟಿ ನಾಲ್ಕು ವರ್ಷದಿಂದ ಅವಳ ಪಕ್ಕದಲ್ಲೇ ಕೂಗುತ್ತಿತ್ತು. ತನ್ನ ಹೆಸರಿನ ಮೊದಲ ಅಕ್ಷರ ಅವಳ ಬಾಯಿಗೆ ಬರಲು ಒಂದು ವರ್ಷದ ಮೇಲೆ ಬೇಕಾಯಿತು. ವಾರಕ್ಕೆರಡು ದಿನ ಮಾತು ಕಲಿಸುವ ಕ್ಲಾಸಿಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಕನ್ನಡಿಯ ಮುಂದೆ ಕೂತು, ನಾಲಿಗೆ ಎಲ್ಲಿ ಇಡಬೇಕು, ಗಾಳಿ ಎಲ್ಲಿಂದ ಬಿಡಬೇಕು ಅಂತ ಅವಳು ಒದ್ದಾಡುವಾಗಲೆಲ್ಲ ನಾನು ತಿಂಗಳು ಎಣಿಸುತ್ತೇನೆ. ಜುಲೈ, ಆಗಸ್ಟ್, ಸಪ್ಟೆಂಬರ್, ಅಕ್ಟೋಬರ್. ಅಲ್ಲಿಗೆ ಬರುವ ಬೇರೆ ತಾಯಂದಿರು, "ನಿಮ್ಮಂಥಾ ದೊಡ್ಡವ್ವ ಸಿಗೂದು ಪುಣ್ಯಾರಿ" ಅನ್ನುತ್ತಾರೆ. ಅಂಥವರ ಮೇಲೂ ನನಗೆ ಸಿಟ್ಟು. ಏನೂ ಗೊತ್ತಿಲ್ಲದೆ ಯಾಕೆ ಹೊಗಳಬೇಕು?

ಸಭೆಯ ಮರುದಿನ ರವಿವಾರ. ಪ್ರಕಾಶ ಡ್ಯೂಟಿಗೆ ಹೋಗಿದ್ದ. ಸಾನ್ವಿ ನಡುಮನೆಯಲ್ಲಿ ಚಿತ್ರ ಬರೆಯುತ್ತಿದ್ದಳು. ನಾನು ರೇಣುಕಾಗೆ ಕೂರು ಅಂದೆ. ಗೇಟಿನ ಮಾತು ಹೇಳಿದೆ, ಕೈಗೆ ಹೊಡೆದದ್ದು ಹೇಳಿದೆ, ಗಂಟೆಯದು ಹೇಳಿದೆ.

"ಎಷ್ಟ ತಿಂಗಳ?" ಅಂದಳು.

"ನಾಕು."

"ನಾಕ ತಿಂಗಳ. ನಾಕ ವರ್ಷದಿಂದ ನಾ ನನ್ನ ಬೈಕೋತ ಬಂದೇನಿ. ನೀ ಬಾಜೂಕ ಕುಂತ ಕೇಳಿದಿ. ನಿನ್ನೆ ಅಷ್ಟ ಮಂದಿ ಮುಂದ ನನ್ನ ಬಾಯಿಲೆ ಹೊಗಳಿಸಿಕೊಂಡಿ. ಚಪ್ಪಾಳಿ ಹೊಡಿಸಿಕೊಂಡಿ!"

"ನಾ ಹೊಡೀರಿ ಅಂದಿದ್ದಿಲ್ಲ."

"ಬ್ಯಾಡ ಅನ್ನಾಕ ಬಾಯಿ ಇದ್ದಿದ್ದಿಲ್ಲೇನು?"

ತಲೆ ತಗ್ಗಿಸಿ ಕೇಳಬೇಕಾದವಳು ನಾನು. ಆದರೆ ನನ್ನೊಳಗಿನ ಸಿಟ್ಟು ಅಷ್ಟು ಒಳ್ಳೆಯದಲ್ಲ. "ನೀ ಎಲ್ಲಿದ್ದಿ?" ಅಂತ ಒದರಿದೆ. "ಹತ್ತ ತಿಂಗಳ ಕೂಸು ತಂದು ನನ್ನ ಮಗ್ಗದ ಬಾಜೂಕ ಒಗದ ಹೋದಾಕಿ ನೀನು! ನಿನ್ನ ಗಂಡ ದಿನಾ ನನ್ನ ಹಂಗಿಸುಮುಂದ ಸುಮ್ಮನಿರ್ರಿ ಅನ್ನೂದೊಂದ ಬಿಟ್ಟು ಏನ ಅಂದಿ?" ಅವಳೂ ಒದರಿದಳು. ಗರಗದ ಮನೆ, ಅವಳ ಓದು, ನನ್ನ ಗಂಡ, ಎಲ್ಲವನ್ನೂ ಎಳೆದೆವು. ಅವಳು ಎದ್ದು ಕಿಟಕಿಯ ಕಡೆ ತಿರುಗಿ ಬೈದಳು, ನಾನು ಗೋಡೆಯ ಕಡೆ ತಿರುಗಿ ಬೈದೆ.

ಸಾನ್ವಿ ಯಾವಾಗ ಎದ್ದು ಬಂದಳೋ ಗೊತ್ತಿಲ್ಲ. ಇಬ್ಬರ ನಡುವೆ ನಿಂತಿದ್ದಳು. ನನ್ನ ಮುಖ ನೋಡಲು ಬಗ್ಗುತ್ತಿದ್ದಳು, ತಾಯಿಯ ಮುಖ ನೋಡಲು ತಿರುಗುತ್ತಿದ್ದಳು. ಇಬ್ಬರ ಬಾಯಿಯೂ ಕಾಣುತ್ತಿರಲಿಲ್ಲ. ಎರಡು ಕಡೆಯ ಒದರಾಟ ಮಶೀನಿನಲ್ಲಿ ಕಲಸಿಹೋಗಿ ಬರೀ ಗದ್ದಲವಾಗುತ್ತದೆ ಅಂತ ಅವಳೇ ಹಿಂದೊಮ್ಮೆ ಹೇಳಿದ್ದಳು. ಅವಳು ನಮ್ಮಿಬ್ಬರ ಸೀರೆ ಹಿಡಿದು ಜಗ್ಗಿದಳು. ನಾವು ತಿರುಗಿದಾಗ ಎರಡು ಮುಷ್ಟಿ ಹಚ್ಚಿ ಎದೆಯ ಮುಂದೆ ಹಿಡಿದಿದ್ದಳು. ಫಟ್ಟನೆ ಎಳೆದಳು.

ನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ. ನಾನು ಹೊಡೆದು ಬಿಡಿಸಿದ್ದೇನೆ ಅಂದುಕೊಂಡಿದ್ದೆ.

ರೇಣುಕಾ ಕೂಡ ಆ ಶೆಡ್ಡಿನಲ್ಲೇ ಬೆಳೆದವಳು. ಅವಳ ಬಾಯಿ ಅಲ್ಲಿಗೇ ನಿಂತಿತು, ನನ್ನದೂ ನಿಂತಿತು.

"ನನ್ನ ಸುದ್ದಿ ಮಾತಾಡಾಕತ್ತೀರಿ" ಅಂದಳು ಸಾನ್ವಿ. ಒಂದೊಂದು ಅಕ್ಷರವನ್ನೂ ಕ್ಲಾಸಿನಲ್ಲಿ ಕಲಿತ ಹಾಗೆ ಬಿಡಿಸಿ ಹೇಳಿದಳು. "ನನಗ ಹೇಳ್ರಿ. ಇತ್ತಾಗ ನೋಡಿ ಹೇಳ್ರಿ."

ರೇಣುಕಾ ನನ್ನನ್ನು ನೋಡಿದಳು. ನೀನೇ ಹೇಳು ಅನ್ನುವ ಹಾಗೆ ದೂರ ಸರಿದು ಕೂತಳು. ನಾನು ಕಿಟಕಿಯ ಬೆಳಕು ಮುಖದ ಮೇಲೆ ಬೀಳುವ ಹಾಗೆ ಸಾನ್ವಿಯ ಎದುರಿಗೆ ಕೂತೆ. ಮೆಲ್ಲಗೆ ಶುರು ಮಾಡಿದೆ. "ನೀ ಸಣ್ಣಾಕಿದ್ದಿ. ಮಳಿ ಇತ್ತು. ಸಾಲ್ಯಾಗ ನೀ ಈಗ ಮಾಡಿದಂಗ ಕೈ ಮಾಡಿದ್ದಿ. ನಿನಗ ಏನ ಬೇಕಿತ್ತು ಅಂತ ನನಗ ತಿಳೀತು. ತಿಳಿದೂ ನಾ ನಿನ್ನ ಕೈಮ್ಯಾಲೆ ಹೊಡದೆ."

ಗಂಟೆಯ ಮಾತು ಮುಗಿಯುವ ತನಕ ಅವಳು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಮಡಿಲಲ್ಲಿ ಅವಳೆರಡು ಮುಷ್ಟಿ ಬಿಗಿದುಕೊಂಡೇ ಇದ್ದವು. ಬಿಚ್ಚು ಅನ್ನುವ ಧೈರ್ಯ ನನಗೆ ಆಗಲಿಲ್ಲ.